ಅತಿವೇಗ ಮತ್ತು ಅಜಾಗರೂಕತೆ: ಅಳೆದವರು ಯಾರು?

ಭಾಗ 1/5

ಆ್ಯಕ್ಸಿಡೆಂಟ್ ಕೇಸಿನ ಎಫ್‌ಐಆರ್ ಯಾವುದಾದ್ರೂ ಓದಿದೀರಾ? ಬಹುತೇಕ ಎಲ್ಲದರಲ್ಲೂ ಒಂದು ಸಾಲು ಇರುತ್ತೆ: "ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು." ಎಷ್ಟು ವೇಗ? ಯಾರು ಅಳೆದ್ರು? ಅದು ಮಾತ್ರ ಇರಲ್ಲ.

ನನ್ನ ಫ್ರೆಂಡ್ ಒಬ್ಬನ ಅಣ್ಣ ಹೋದ ಕಬ್ಬಿನ ಸೀಸನ್‌ನಲ್ಲಿ ರಾತ್ರಿ ಬೈಕಲ್ಲಿ ಮನೆಗೆ ಬರ್ತಿದ್ರು. ರಸ್ತೆಯಲ್ಲಿ ನಿಲ್ಲಿಸಿದ್ದ ಟ್ರ್ಯಾಕ್ಟರ್ ಟ್ರೇಲರ್‌ಗೆ ಹಿಂದಿನಿಂದ ಗುದ್ದಿ ಅಲ್ಲೇ ತೀರಿಕೊಂಡ್ರು. (ಫ್ರೆಂಡ್‌ನ ಕೇಳಿಯೇ ಬರೀತಿದೀನಿ, ಹೆಸರು ಬೇಡ.) ಟ್ರೇಲರ್ ಹಿಂದಿನ ಲೈಟ್ ಉರೀತಿತ್ತಾ? ಊರವರು ಇಲ್ಲ ಅಂತಾರೆ, ಓನರ್ ಇತ್ತು ಅಂತಾರೆ. ಬೆಳಗಾಗೋದ್ರೊಳಗೆ ಟ್ರೇಲರ್ ಇಲ್ಲ, ಗಾಜಿನ ಚೂರು ಗುಡಿಸಿ ಆಗಿತ್ತು. ಉಳಿದಿದ್ದು ಕಾಗದದ ಮೇಲೆ ಆ ಒಂದು ಸಾಲು, ಅದೂ ಸತ್ತವರ ಹೆಸರಿಗೆ.

ಭಾಗ 2/5

"ಅದನ್ನೆಲ್ಲ ಹೇಗಪ್ಪ ಕಂಡುಹಿಡಿಯೋದು?" ಅಂತೀರಾ. ಕಂಡುಹಿಡಿಯಬಹುದು. ಅದಕ್ಕೇ ಅಂತ ಒಂದು ವಿದ್ಯೆ ಇದೆ, ಅಪಘಾತದ ಮರುಸೃಷ್ಟಿ.

ಬಲ್ಬ್ ತಗೊಳ್ಳಿ. ಉರೀತಿದ್ದ ಬಲ್ಬ್‌ಗೆ ಏಟು ಬಿದ್ರೆ ಒಳಗಿನ ತಂತಿ ಕಾದು ಮೆತ್ತಗಿರುತ್ತೆ, ಎಳೆದು ಸೊಟ್ಟಗಾಗುತ್ತೆ. ಆಫ್ ಇದ್ರೆ ಹಾಗೇ ಇರುತ್ತೆ, ಇಲ್ಲಾಂದ್ರೆ ಪಟ್ಟಂತ ಮುರಿಯುತ್ತೆ. ಆ ಟ್ರೇಲರ್‌ನಲ್ಲಿ ಹಳೇ ತರದ ಬಲ್ಬ್ ಇದ್ದಿದ್ರೆ, ಅದೇ ಸಾಕ್ಷಿ ಹೇಳ್ತಿತ್ತು. ಬಲ್ಬೇ ಇಲ್ಲದಿದ್ರೆ ಅದಕ್ಕಿಂತ ದೊಡ್ಡ ಸಾಕ್ಷಿ.

ಟೈರ್ ಉಜ್ಜಿದ ಗುರುತು ತಗೊಳ್ಳಿ. ಪಿಯುಸಿ ಫಿಸಿಕ್ಸ್ ಸಾಕು. ಒಣಗಿದ ಟಾರ್ ರಸ್ತೆ, ಘರ್ಷಣೆ ಸುಮಾರು 0.7, ನಾಲ್ಕೂ ಚಕ್ರ ಲಾಕ್ ಆಗಿ ಕಾರು 20 ಮೀಟರ್ ಜಾರಿ ನಿಂತಿದೆ ಅಂದ್ರೆ ಬ್ರೇಕ್ ಹಾಕಿದಾಗ ವೇಗ ಗಂಟೆಗೆ ಸುಮಾರು 60 ಕಿ.ಮೀ. ಗುರುತು 40 ಮೀಟರ್ ಇದ್ರೆ? 120 ಅಲ್ಲ, ಸುಮಾರು 84. ನೋಡಿದವರ ಕಣ್ಣಳತೆ ತಪ್ಪೋದು ಇಲ್ಲೇ. ಜಾರಿ ಬಂದು ಗುದ್ದಿದ್ರೆ ಗುದ್ದಿದಾಗಿನ ವೇಗಾನೂ ಸೇರಿಸಿ ಲೆಕ್ಕ ಹಾಕ್ಬೇಕು. ಎಬಿಎಸ್ ಇದ್ರೆ ಗುರುತು ಸರಿಯಾಗಿ ಬೀಳಲ್ಲ, ಆಗ ವಾಹನ ನಜ್ಜುಗುಜ್ಜಾದ ಅಳತೆ, ಗಾಡಿಯ ಕಂಪ್ಯೂಟರ್ ಡೇಟಾ ನೋಡ್ಬೇಕು.

ಇದು ಮಂತ್ರ ಅಲ್ಲ. ಟೇಪು, ಕ್ಯಾಮೆರಾ, ಕ್ಯಾಲ್ಕುಲೇಟರ್.

ಭಾಗ 3/5

ಬಿಕಾಂ ಹುಡುಗರಿಗೆ ಅರ್ಥ ಆಗೋ ಭಾಷೆಯಲ್ಲಿ ಹೇಳ್ತೀನಿ. ತಪ್ಪು ಸಾಬೀತು ಮಾಡಿ ಪರಿಹಾರ ಕೇಳೋ ಕೇಸಲ್ಲಿ 10 ಲಕ್ಷ ನಿಗದಿ ಆಯ್ತು ಅಂದ್ಕೊಳ್ಳಿ. ಸತ್ತವರದ್ದೂ ಅರ್ಧ ತಪ್ಪು ಅಂದ್ರೆ ಮನೆಯವರಿಗೆ 5 ಲಕ್ಷ. ಪೂರ್ತಿ ಅವರದ್ದೇ ಅಂದ್ರೆ ಆ ಕ್ಲೇಮ್ ಸೊನ್ನೆ. ಒಂದು ಬಲ್ಬಿನ ತಂತಿಯ ಬೆಲೆ ಇಷ್ಟು. ಆ ಮನೆಯಲ್ಲಿ ಈಗ ದುಡಿಯೋರು ಅಮ್ಮ ಒಬ್ರೇ.

ಭಾಗ 4/5

2022ರ ಸೆಪ್ಟೆಂಬರ್ 4. ಸೈರಸ್ ಮಿಸ್ತ್ರಿ ಅವರ ಕಾರು ಪಾಲ್ಘರ್ ಹತ್ರ ಸೂರ್ಯಾ ನದಿ ಸೇತುವೆಗೆ ಗುದ್ದಿತು. ಆಮೇಲೇನಾಯ್ತು? ಕಾರು ಕಂಪನಿಯೇ ಡೇಟಾ ತೆಗೆದು ಪೊಲೀಸರಿಗೆ ಕೊಟ್ಟಿತು: 5 ಸೆಕೆಂಡ್ ಮೊದಲು ವೇಗ 100, ಬ್ರೇಕ್ ಹಾಕಿದ ಮೇಲೆ ಗುದ್ದಿದಾಗ 89. ಸೇತುವೆ ಹತ್ರ ರಸ್ತೆ ಕಿರಿದಾಗೋದು, ಹಿಂದೆ ಕೂತವರು ಬೆಲ್ಟ್ ಹಾಕದಿದ್ದದ್ದು, ಎಲ್ಲಾ ಚರ್ಚೆಗೆ ಬಂತು. ಒಳ್ಳೆಯದೇ. ನನ್ನ ಪ್ರಶ್ನೆ ಒಂದೇ: ಇದು ದೊಡ್ಡವರಿಗೆ ಮಾತ್ರ ಯಾಕೆ?

ಅದೇ ವರ್ಷ ದೇಶದ ರಸ್ತೆಗಳಲ್ಲಿ ಸತ್ತವರು 1,68,491. ಕೇಂದ್ರದ ವರದಿಯಲ್ಲಿ ಸುಮಾರು 71% ಸಾವು "ಅತಿವೇಗ"ದ ಖಾತೆಗೆ. ನಾನು ಸ್ಪೀಡ್ ಪರ ವಾದ ಮಾಡ್ತಿಲ್ಲ, ಸ್ಪೀಡ್ ಕೊಲ್ಲುತ್ತೆ. ಆದ್ರೆ ಅಳೆಯದೇ ಎಲ್ಲವನ್ನೂ ಒಂದೇ ಖಾತೆಗೆ ಹಾಕಿದ್ರೆ ರಿಫ್ಲೆಕ್ಟರ್ ಇಲ್ಲದ ಟ್ರೇಲರ್, ಬೋರ್ಡ್ ಇಲ್ಲದ ತಿರುವು, ಬಣ್ಣ ಬಳಿಯದ ಹಂಪ್ ಎಲ್ಲಾ ತಪ್ಪಿಸಿಕೊಳ್ಳುತ್ತೆ. ನಮ್ಮ ಅಕೌಂಟ್ಸ್ ಪೇಪರ್‌ನಲ್ಲಿ ವೋಚರ್ ಇಲ್ಲದ ಎಂಟ್ರಿ ಹಾಕಿದ್ರೆ ಮಾರ್ಕ್ಸ್ ಕೊಡ್ತಾರಾ?

ಭಾಗ 5/5

"ಪೊಲೀಸರಿಗೆ ಟೈಮ್ ಎಲ್ಲಿದೆ, ಟ್ರಾಫಿಕ್ ಬಿಡಬೇಕಲ್ವಾ" ಅಂತಾರೆ. ನಿಜ, ಬಿಡ್ಲೇಬೇಕು. ಆದ್ರೆ ವಾಹನ ಎಳೆಯೋ ಮೊದಲು ಸೀಮೆಸುಣ್ಣದ ಗುರುತು, ನಾಲ್ಕು ಕಡೆಯಿಂದ ಫೋಟೋ, ಟೇಪ್ ಅಳತೆ. ಇದು ನನ್ನ ಆಸೆ ಅಲ್ಲ, 2022ರ ಏಪ್ರಿಲ್‌ನಿಂದ ನಿಯಮಾನೇ ಇದೆ. ಫೋಟೋ ಅಥವಾ ವಿಡಿಯೋ ತೆಗೀಬೇಕು, ಅಳತೆಗೆ ತಕ್ಕ ನಕ್ಷೆ ಬರೀಬೇಕು, 48 ಗಂಟೆಯಲ್ಲಿ ಮೊದಲ ವರದಿ, 90 ದಿನದಲ್ಲಿ ವಿವರವಾದ ವರದಿ ಕೊಡ್ಬೇಕು. ಹಾಗಾದ್ರೆ ನಾವು ಕೇಳಬೇಕಾದ್ದು ಇಷ್ಟೇ: "ಸರ್, ನಕ್ಷೆ ತೋರಿಸಿ."

ಮತ್ತೆ ನಾವು? ಆ್ಯಕ್ಸಿಡೆಂಟ್ ಆದ್ರೆ ಮೊದಲು ಫೋನ್ ತೆಗೆಯೋದು ರೀಲ್ಸ್‌ಗೆ. ರಕ್ತ, ಕಿರುಚಾಟ, ಹಿಂದೆ ಸ್ಯಾಡ್ ಮ್ಯೂಸಿಕ್. ನಾಚಿಕೆ ಆಗ್ಬೇಕು. ಮೊದಲು 108ಕ್ಕೋ 112ಕ್ಕೋ ಕಾಲ್ ಮಾಡಿ. ಸಹಾಯ ಮಾಡಿದವರನ್ನ ಸತಾಯಿಸೋ ಹಾಗಿಲ್ಲ ಅಂತ ಕಾನೂನೇ ಇದೆ, ಹೆದರಬೇಡಿ. ಗಾಯಾಳು ಆಸ್ಪತ್ರೆಗೆ ಹೋದಮೇಲೆ ಅದೇ ಫೋನಲ್ಲಿ ಟೈರ್ ಗುರುತು, ವಾಹನ ನಿಂತ ಜಾಗ, ಲೈಟು, ಗಾಜಿನ ಚೂರು ತೆಗೀರಿ. ಪಕ್ಕದಲ್ಲಿ ಅಳತೆಗೆ ನಿಮ್ಮ ಚಪ್ಪಲಿ ಇಡಿ. ಪೋಸ್ಟ್ ಮಾಡ್ಬೇಡಿ. ಪೊಲೀಸರಿಗೆ ಕೊಡಿ, ಮನೆಯವರಿಗೂ ಕೊಡಿ.

ಆವತ್ತು ರಾತ್ರಿ ಅಲ್ಲಿ ಇಪ್ಪತ್ತು ಜನ ಫೋನ್ ಹಿಡಿದು ನಿಂತಿದ್ರಂತೆ. ಒಬ್ರೂ ಆ ಲೈಟಿನ ಫೋಟೋ ತೆಗೀಲಿಲ್ಲ.

ಸೇವ್ ಮಾಡ್ಕೊಳ್ಳಿ. ರಾತ್ರಿ ಬೈಕಲ್ಲಿ ಊರಿಗೆ ಹೋಗೋ ಫ್ರೆಂಡ್‌ಗೆ ಕಳ್ಸಿ.

#ಅಳೆದುಹೇಳಿ #ರಸ್ತೆಸುರಕ್ಷತೆ #ರೀಲ್ಸ್‌ಅಲ್ಲಸಾಕ್ಷಿ