ಹೊಳೆ ಮರೆತರೂ ಜಲಾಶಯ ಮರೆಯದು

ಹರಿಯುವ ನೀರಿಗೆ ದೋಷವಿಲ್ಲವೆಂಬ ನಂಬಿಕೆ ಹಳೆಯದು. ಬಂಡೆಗಳ ಮೇಲೆ ಧುಮುಕುವ ಹೊಳೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಅಲ್ಪಸ್ವಲ್ಪ ಕೊಳೆಯನ್ನು ಅರಗಿಸಿಕೊಳ್ಳಬಲ್ಲದು, ನಿಜ. ಆದರೆ ಅದೇ ನೀರು ಜಲಾಶಯದಲ್ಲಿ ನಿಂತಾಗ ಹೂಳು ತಳಕ್ಕಿಳಿಯುತ್ತದೆ. ಅದಕ್ಕಂಟಿ ಬಂದ ರಂಜಕವೂ ಅಲ್ಲಿಯೇ ಉಳಿದು ವರ್ಷಗಟ್ಟಲೆ ಪಾಚಿಯನ್ನು ಪೋಷಿಸಬಲ್ಲದು.

ಭದ್ರಾ ನದಿಯನ್ನೇ ನೋಡಬಹುದು. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯ ಹೂಳು ಮಳೆಗಾಲದಲ್ಲಿ ನದಿಗಿಳಿದು, ದಾವಣಗೆರೆಯ ಗದ್ದೆಗಳಿಗೂ ನೀರುಣಿಸುವ ಲಕ್ಕವಳ್ಳಿಯ ಜಲಾಶಯದತ್ತ ಸಾಗುತ್ತಿತ್ತು. ಜನರ ಹೋರಾಟದ ಫಲವಾಗಿ, ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ, 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಆದರೆ ತಳ ಸೇರಿದ ಮಣ್ಣು ಮರಳಿ ಬೆಟ್ಟವೇರದು.

ಗಣಿಯಂತೆ ಕಣ್ಣಿಗೆ ಬೀಳದ ಕೊಳೆಯೂ ಉಂಟು. ಕಾಫಿ ಹಣ್ಣಿನ ಪಲ್ಪಿಂಗ್ ನಡೆಯುವುದು ಮಳೆ ನಿಂತು ಹಳ್ಳಗಳು ಬಡವಾಗುವ ಕಾಲದಲ್ಲಿ. ಸಕ್ಕರೆಯಂಶ ತುಂಬಿದ ಆ ನೀರನ್ನು ಹಳ್ಳಕ್ಕೆ ಬಿಟ್ಟರೆ, ಅದನ್ನು ಕೊಳೆಯಿಸುವ ಸೂಕ್ಷ್ಮಜೀವಿಗಳು ಮೀನಿಗೆ ಬೇಕಾದ ಆಮ್ಲಜನಕವನ್ನೇ ಕಬಳಿಸುತ್ತವೆ. ಊರ ಚರಂಡಿಯ ನೀರು, ತೋಟದಿಂದ ತೊಳೆದುಬಂದ ಗೊಬ್ಬರ ಇದರೊಡನೆ ಸೇರುತ್ತವೆ.

ಪಾಚಿ ಕಟ್ಟಿದ ಮೇಲೆ ಜಲಾಶಯವನ್ನು ಶುಚಿಗೊಳಿಸಹೊರಡುವುದು ಮದ್ದಲ್ಲ. ಪಲ್ಪಿಂಗ್ ನೀರು ತೋಟದ ಹೊಂಡದಲ್ಲಿಯೇ ತಂಗಿ ಸಂಸ್ಕರಣೆಗೊಳ್ಳಬೇಕು. ಪಟ್ಟಣದ ಕೊಳಚೆ ಹೊಳೆ ಸೇರುವ ಮುನ್ನವೇ ಶುದ್ಧವಾಗಬೇಕು. ಹಳ್ಳದ ದಂಡೆಯ ಗಿಡಮರಗಳು ಉಳಿಯಬೇಕು. ಗ್ರಾಮಸಭೆಗಳು ಪಟ್ಟು ಹಿಡಿದು ಕೇಳಬೇಕಾದುದು ಇದನ್ನೇ. ಬಯಲಿನ ಜನ ಕುಡಿಯುವ ನೀರಿನ ಹೊಣೆ ಬೆಟ್ಟದ ಮೇಲಿನ ಹಳ್ಳದಿಂದಲೇ ಮೊದಲಾಗುತ್ತದೆ.