ಡಿಕ್ಕಿಯೊಳಗಿನ ನೀಲಿ ಬಾಟಲಿ, ಹತ್ತರಗಿಯ ಹೆದ್ದಾರಿ

ಬೆಳಗಾವಿಯಿಂದ ಹೊರಟು ವಂಟಮೂರಿ ಘಾಟ್ ಕಳೆದು, ಹತ್ತರಗಿ ಟೋಲ್ ನಾಕಾ ದಾಟಿದ ಕಾರಿನವರ ಕಾಲು ಆಕ್ಸಿಲರೇಟರ್ ಮೇಲೆ ತಾನಾಗಿಯೇ ಒತ್ತುತ್ತದೆ. ರಸ್ತೆ ಅಗಲ, ನಡುವೆ ಡಿವೈಡರ್, ಮುಂದೆ ಸಂಕೇಶ್ವರ, ನಿಪ್ಪಾಣಿ, ಕೊಲ್ಹಾಪುರ. ಈ ಪಟ್ಟಿಯ ಒಂದು ತುದಿಗೆ ಬೆಳಗಾವಿಯ ಉದ್ಯಮಬಾಗ, ಇನ್ನೊಂದು ತುದಿಗೆ ಕೊಲ್ಹಾಪುರದ ಶಿರೋಲಿ. ಎರಡೂ ಕಡೆ ಫೌಂಡ್ರಿ, ಲೇಥು, ಮಷಿನ್ ಶಾಪ್‌ಗಳ ಸಾಲು. ಇಲ್ಲಿನ ಹುಡುಗರಿಗೆ ಕಬ್ಬಿಣ ಅಂದರೆ ಭಯವಿಲ್ಲ. ಜಾತ್ರೆಯಲ್ಲಿ ಎತ್ತಿನಗಾಡಿ ಶರ್ಯತ್ತು, ಟ್ರ್ಯಾಕ್ಟರ್ ಜಗ್ಗುವ ಪಂದ್ಯ ನೋಡುತ್ತ ಬೆಳೆದವರಿಗೆ ಕಾರಿನ ‘ಪಿಕಪ್’ ಕೂಡ ಮಾನದ ಪ್ರಶ್ನೆಯೇ. ಆ ಪಿಕಪ್ಪಿಗಾಗಿ ಏರ್ ಫಿಲ್ಟರ್ ಬದಲಿಸುವುದು, ಸೈಲೆನ್ಸರ್ ಬದಲಿಸುವುದು, ಎಂಜಿನ್ನಿನ ಕಂಪ್ಯೂಟರಾದ ಇಸಿಯು ರೀಮ್ಯಾಪ್ ಮಾಡಿಸುವುದು ಮುಗಿದ ಮೇಲೆ ಮಾತು ಬಂದು ನಿಲ್ಲುವುದು ನೈಟ್ರಸ್ ಬಾಟಲಿಯ ಹತ್ತಿರ.

2001ರಲ್ಲಿ ‘ದ ಫಾಸ್ಟ್ ಆ್ಯಂಡ್ ದ ಫ್ಯೂರಿಯಸ್’ ಸಿನಿಮಾ ಬಂದ ಮೇಲೆ ಈ ನೀಲಿ ಬಾಟಲಿ ಜಗತ್ತಿನ ಮನೆಮಾತಾಯಿತು. ಗುಂಡಿ ಒತ್ತಿದರೆ ಕಾರು ಚಿಮ್ಮುತ್ತದೆ ಎಂಬುದಷ್ಟೇ ಸಿನಿಮಾ ಕೊಟ್ಟ ತಿಳಿವಳಿಕೆ. ಬಾಟಲಿಯನ್ನು ಕಾರಿನಲ್ಲಿ ಎಲ್ಲಿ, ಹೇಗೆ ಕೂರಿಸಬೇಕು ಎಂಬುದನ್ನು ಅದು ತೋರಿಸಲಿಲ್ಲ. ಜೀವ ಉಳಿಯುವುದೂ ಹೋಗುವುದೂ ಅಲ್ಲಿಯೇ.

ನೈಟ್ರಸ್ ಆಕ್ಸೈಡ್ ತಾನಾಗಿ ಉರಿಯುವ ಅನಿಲವಲ್ಲ. ಉರಿಯಲು ನೆರವಾಗುವ ಅನಿಲ. 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಅದನ್ನು ಕಂಡುಹಿಡಿದರು. ಹಲ್ಲು ಕೀಳುವಾಗಿನ ಅರಿವಳಿಕೆಯಾಗಿ ವೈದ್ಯರು ಬಳಸಿದರು. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಯುದ್ಧವಿಮಾನಗಳು ಗಾಳಿ ತೆಳುವಾದ ಎತ್ತರದಲ್ಲಿ ಶಕ್ತಿ ಕುಂದದಂತೆ ಇದನ್ನೇ ಎಂಜಿನ್ನಿಗೆ ಊಡಿದವು. ಗಾಳಿಯಲ್ಲಿ ತೂಕದ ಲೆಕ್ಕಕ್ಕೆ ಸುಮಾರು 23 ಪ್ರತಿಶತ ಆಮ್ಲಜನಕವಿದ್ದರೆ ಈ ಅನಿಲದಲ್ಲಿ 36 ಪ್ರತಿಶತ. ಎಂಜಿನ್ನಿನೊಳಗೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅದು ಒಡೆದು ಆಮ್ಲಜನಕ ಬಿಟ್ಟುಕೊಡುತ್ತದೆ. ಅದರ ಜೊತೆ ಹೆಚ್ಚಿನ ಪೆಟ್ರೋಲನ್ನೂ ಕೊಟ್ಟರೆ ಅದೇ ಎಂಜಿನ್ ಹೆಚ್ಚು ಶಕ್ತಿ ಹುಟ್ಟಿಸುತ್ತದೆ. 83 ಅಶ್ವಶಕ್ತಿಯ ಸಣ್ಣ ಪೆಟ್ರೋಲ್ ಕಾರಿಗೆ 50 ಅಶ್ವಶಕ್ತಿಯ ‘ಶಾಟ್’ ಸೇರಿದರೆ ಏನಾಗುತ್ತದೆಂದು ಯಾರಾದರೂ ಊಹಿಸಬಹುದು. ಅನಿಲ ಬಂದು ಪೆಟ್ರೋಲ್ ಕಡಿಮೆ ಬಿದ್ದರೆ ಪಿಸ್ಟನ್ ಕರಗಿ ತೂತಾಗುವುದಕ್ಕೆ ಕೆಲವೇ ಸೆಕೆಂಡು ಸಾಕು. ಇಗ್ನಿಷನ್ ಟೈಮಿಂಗ್ ಹಿಂದಕ್ಕೆ ತರದೆ, ಕಡಿಮೆ ಆರ್‌ಪಿಎಮ್‌ನಲ್ಲಿ ಗುಂಡಿ ಒತ್ತಿದವರ ಎಂಜಿನ್ನಿನ ಗತಿಯೂ ಅಷ್ಟೆ.

ಆದರೆ ಎಂಜಿನ್ ಹೋದರೆ ದುಡ್ಡು ಹೋಗುತ್ತದೆ. ಬಾಟಲಿ ಹೋದರೆ ಮನುಷ್ಯ ಹೋಗುತ್ತಾನೆ.

10 ಪೌಂಡ್, ಅಂದರೆ ಸುಮಾರು ನಾಲ್ಕೂವರೆ ಕಿಲೋ ಅನಿಲ ಹಿಡಿಯುವ ಬಾಟಲಿ ತುಂಬಿದಾಗ ಹತ್ತು ಕಿಲೋ ಮೀರುತ್ತದೆ. ನೂರರ ವೇಗದಲ್ಲಿರುವ ಕಾರು ಗುದ್ದಿ ನಿಂತರೆ, ಸಡಿಲ ಬಾಟಲಿ ಅದೇ ನೂರರ ವೇಗದಲ್ಲಿ ಹಿಂದಿನ ಸೀಟು ಸೀಳಿಕೊಂಡು ಮುಂದೆ ಬರುತ್ತದೆ. ಅದಕ್ಕೇ ಅಮೆರಿಕದ ಡ್ರ್ಯಾಗ್ ಓಟಗಳ ಸಂಸ್ಥೆ ಎನ್‌ಎಚ್‌ಆರ್‌ಎ ತನ್ನ ನಿಯಮದಲ್ಲಿ ಬಾಟಲಿಯನ್ನು ಕಾಯಂ ಆಗಿ ಬಿಗಿದಿರಬೇಕು, ಹೋಸ್ ಕ್ಲಾಂಪಾಗಲಿ ಪ್ಲಾಸ್ಟಿಕ್ ಟೈ ಆಗಲಿ ನಡೆಯದು ಎಂದು ಬಿಡಿಸಿ ಬರೆದಿದೆ. ಡಿಕ್ಕಿಯ ನೆಲ ತೆಳು ತಗಡು. ಅದಕ್ಕೆ ಬರೀ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ ಹೊಡೆದರೆ ರಸ್ತೆಯ ಮೊದಲ ಗುಂಡಿಗೇ ಎಳೆ ಕಿತ್ತು ಬರುತ್ತದೆ. ಬ್ರ್ಯಾಕೆಟ್ಟಿನ ಬೋಲ್ಟನ್ನು ತಗಡಿನ ಆಚೆ ಬದಿಗೆ ಹಾಯಿಸಿ, ಅಲ್ಲಿ ದಪ್ಪ ಪಟ್ಟಿಯನ್ನೋ ಅಗಲ ವಾಷರನ್ನೋ ಇಟ್ಟು ನಟ್ ಬಿಗಿಯಬೇಕು. ಡ್ರಿಲ್ ಹಿಡಿಯುವ ಮುಂಚೆ ಕಾರಿನ ಕೆಳಗೆ ಮಲಗಿ ನೋಡಲೇಬೇಕು. ಎಷ್ಟೋ ಸಣ್ಣ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದೇ ಹಿಂದಿನ ಸೀಟಿನ ಅಡಿಯಲ್ಲಿ. ಬ್ರೇಕ್ ಪೈಪು, ವೈರಿಂಗ್ ಹಾದುಹೋಗುವುದೂ ಅಲ್ಲಿಯೇ.

ಬಾಟಲಿಯ ದಿಕ್ಕಿಗೂ ಅರ್ಥವಿದೆ. ಎಂಜಿನ್ನಿಗೆ ಬೇಕಾದದ್ದು ಬಾಟಲಿಯ ಮೇಲ್ಭಾಗದ ಆವಿಯಲ್ಲ, ತಳದ ದ್ರವ. ವಾಲ್ವಿನಿಂದ ಒಳಗೆ ಇಳಿದ ಒಂದು ಸಪೂರ ಕೊಳವೆ ತಳದ ಮೂಲೆಗೆ ಬಾಗಿರುತ್ತದೆ. ಕಾರು ಮುಂದಕ್ಕೆ ಚಿಮ್ಮಿದಾಗ ಒಳಗಿನ ದ್ರವ ಹಿಂದಕ್ಕೆ ಸರಿಯುತ್ತದೆ. ಹಾಗಾಗಿ ಮಲಗಿಸಿದ ಬಾಟಲಿಯ ವಾಲ್ವ್ ಕಾರಿನ ಮುಂದಿನ ದಿಕ್ಕಿಗೆ, ಲೇಬಲ್ ಮೇಲಕ್ಕೆ, ಕುತ್ತಿಗೆ ತುಸು ಎತ್ತರಕ್ಕೆ ಇರಬೇಕು. ತಿರುವುಮುರುವಾದರೆ ಕೊಳವೆ ಆವಿಯನ್ನು ಹೀರುತ್ತದೆ. ಪೆಟ್ರೋಲ್ ಮಾತ್ರ ಲೆಕ್ಕದಂತೆ ಸುರಿಯುತ್ತಲೇ ಇರುತ್ತದೆ, ಎಂಜಿನ್ ಕೆಮ್ಮತೊಡಗುತ್ತದೆ. ಇಷ್ಟು ಸಣ್ಣ ವಿಷಯ ಗೊತ್ತಿಲ್ಲದೆ ಕಿಟ್ಟನ್ನೇ ಬೈಯುವವರು ಕಡಿಮೆಯಿಲ್ಲ.

ಇನ್ನು ಬಿಸಿಲು. ಕಿಟ್ ತಯಾರಿಸುವ ತಂಪು ದೇಶದವರ ಕೈಪಿಡಿಯಲ್ಲಿ ಬಾಟಲಿಗೆ ಸುತ್ತುವ ಎಲೆಕ್ಟ್ರಿಕ್ ಹೀಟರಿನ ಮಾತಿರುತ್ತದೆ. ಬಾಟಲಿಯೊಳಗೆ 900ರಿಂದ 1000 ಪಿಎಸ್‌ಐ ಒತ್ತಡವಿದ್ದರೆ ಕಿಟ್ ಸರಿಯಾಗಿ ಕೆಲಸ ಮಾಡುತ್ತದೆ, ಚಳಿಯಲ್ಲಿ ಅಷ್ಟು ಒತ್ತಡ ಬರುವುದಿಲ್ಲ. ಈ ಭಾಗದ ಹುಕ್ಕೇರಿ, ಗೋಕಾಕ ತಾಲ್ಲೂಕುಗಳ ಬೇಸಿಗೆಯಲ್ಲಿ ಆ ಹೀಟರಿಗೆ ಕೆಲಸವೇ ಇಲ್ಲ. 30 ಡಿಗ್ರಿ ಸೆಲ್ಸಿಯಸ್ಸಿಗೇ ಒತ್ತಡ 900 ಪಿಎಸ್‌ಐ ಮುಟ್ಟುತ್ತದೆ. 36.4 ಡಿಗ್ರಿ ದಾಟಿತೆಂದರೆ ಒಳಗೆ ದ್ರವ, ಆವಿ ಎಂಬ ಭೇದವೇ ಅಳಿದುಹೋಗುತ್ತದೆ. ಅಲ್ಲಿಂದಾಚೆ ಬಾಟಲಿ ಎಷ್ಟು ತುಂಬಿದೆಯೋ ಅದಕ್ಕೆ ತಕ್ಕಂತೆ ಒತ್ತಡ ಸರಸರ ಏರುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿನ ನೆರಳಿನಲ್ಲಿಯೇ 36 ದಾಟುವ ದಿನಗಳಿವೆ. ಸಂತೆ ದಿನ ಬಿಸಿಲಿಗೆ ನಿಲ್ಲಿಸಿದ ಕಾರಿನ ಮುಚ್ಚಿದ ಡಿಕ್ಕಿಯ ಕಾವನ್ನು ಕೇಳುವುದೇ ಬೇಡ.

ಒತ್ತಡ ಮಿತಿಮೀರಿದರೆ ವಾಲ್ವಿನ ಸೇಫ್ಟಿ ಡಿಸ್ಕ್ ಒಡೆದು ಅನಿಲ ಹೊರಬರಲೆಂದೇ ಬಾಟಲಿಯನ್ನು ಮಾಡಿರುತ್ತಾರೆ. ಹೊರಬಂದ ಅನಿಲ ಎಲ್ಲಿಗೆ ಹೋಗುತ್ತದೆ ಎಂಬುದೇ ಪ್ರಶ್ನೆ. ಹ್ಯಾಚ್‌ಬ್ಯಾಕ್ ಕಾರಿನ ಡಿಕ್ಕಿಗೂ ಸೀಟಿಗೂ ನಡುವೆ ಗೋಡೆಯಿಲ್ಲ. ಅದು ಅರಿವಳಿಕೆಯ ಅನಿಲ. ಮುಚ್ಚಿದ ಗಾಜಿನೊಳಗೆ ಅದು ತುಂಬಿದರೆ ಸ್ಟಿಯರಿಂಗ್ ಹಿಡಿದವರ ಎಚ್ಚರ ತಪ್ಪಬಹುದು, ಉಸಿರಾಡಲು ಆಮ್ಲಜನಕವೇ ಉಳಿಯದಿರಬಹುದು. ಡಿಸ್ಕಿನಿಂದ ಕಾರಿನ ಹೊರಕ್ಕೆ ಒಯ್ಯುವ ಲೋಹದ ಪೈಪು ಇರಲೇಬೇಕೆನ್ನುವುದು ಈ ಕಾರಣಕ್ಕೆ. ದುಡ್ಡು ಉಳಿಸಲು ಮೊದಲು ಕೈಬಿಡುವುದು ಇದೇ ಪೈಪನ್ನು ಎಂಬುದು ಹೊಟ್ಟೆ ಉರಿಸುವ ಸಂಗತಿ. ಅನಿಲವನ್ನು ಬಲ್ಲವರಿಗೂ ಅದು ವಿನಾಯಿತಿ ಕೊಡುವುದಿಲ್ಲ. 2007ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಮೊಹಾವಿಯಲ್ಲಿ ಸ್ಕೇಲ್ಡ್ ಕಾಂಪೋಸಿಟ್ಸ್ ಕಂಪನಿ ರಾಕೆಟ್ಟಿಗಾಗಿ ನೈಟ್ರಸ್ ಆಕ್ಸೈಡ್ ಹರಿವಿನ ಪರೀಕ್ಷೆ ಮಾಡುತ್ತಿದ್ದಾಗ ಸ್ಫೋಟವಾಗಿ ಮೂವರು ಸತ್ತರು. ಅವರ ಪರೀಕ್ಷೆಯಲ್ಲಿ ಬೆಂಕಿಯನ್ನೇ ಹೊತ್ತಿಸಿರಲಿಲ್ಲ.

ನಮ್ಮ ಕಾನೂನು ಏನೆನ್ನುತ್ತದೆ? ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯ ನಂತರ ಇಂಥ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಇಂಥ ಕಾರು ಅಪಘಾತವಾದರೆ ವಿಮೆ ಕಂಪನಿ ಕೈ ತೊಳೆದುಕೊಳ್ಳಲು ಕಾರಣ ಹುಡುಕಬೇಕಾಗಿಯೂ ಇಲ್ಲ.

ಅದೇ ಕಾನೂನು ಸಿಎನ್‌ಜಿಗೆ ದಾರಿ ಬಿಟ್ಟಿದೆ. ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಕೂರಿಸುವವರು ಕೇಂದ್ರ ಸರ್ಕಾರದ ಸ್ಫೋಟಕ ಸುರಕ್ಷತಾ ಸಂಸ್ಥೆ ಪೆಸೊ ಒಪ್ಪಿದ ಸಿಲಿಂಡರ್ ತರಬೇಕು, ಒಪ್ಪಿಗೆ ಪಡೆದ ಕೇಂದ್ರದಲ್ಲಿ ಕಿಟ್ ಹಾಕಿಸಬೇಕು, ಆರ್‌ಸಿಯಲ್ಲಿ ನಮೂದು ಮಾಡಿಸಬೇಕು, ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್ ಮಾಡಿಸಬೇಕು. ನೈಟ್ರಸ್ಸಿಗೆ ಇಂಥ ದಾರಿಯೇ ಇಲ್ಲ. ದಾರಿಯಿಲ್ಲದಲ್ಲಿ ಕಳ್ಳದಾರಿ ಹುಟ್ಟುತ್ತದೆ: ಪಾರ್ಸೆಲ್ಲಿನಲ್ಲಿ ಬಂದ ಹಳೆಯ ಬಾಟಲಿ, ತಾರೀಖು ಮುಗಿದ ಟೆಸ್ಟು, ಯಾರೋ ಯಾವುದೋ ಸಿಲಿಂಡರಿನಿಂದ ವರ್ಗಾಯಿಸಿಕೊಟ್ಟ ಅನಿಲ. ಮನೆಯ ಅಡುಗೆ ಗ್ಯಾಸನ್ನು ಓಮ್ನಿ ವ್ಯಾನಿಗೆ ತುಂಬಲು ಹೋಗಿ ಸುಟ್ಟುಕೊಂಡವರ ಸುದ್ದಿಯನ್ನು ಈ ರಾಜ್ಯ ಸಾಕಷ್ಟು ಓದಿದೆ.

ಒಂದು ಮಾತಿನಲ್ಲಿ ರಾಜಿಯಿಲ್ಲ. ಹತ್ತರಗಿಯ ಹೆದ್ದಾರಿ ಈ ಬಾಟಲಿಯ ಜಾಗವಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ರಾತ್ರಿ ಈ ರಸ್ತೆಯಲ್ಲಿ ಹೋದವರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್, ಹಿಂದೆ ದೀಪವಿಲ್ಲ, ರಿಫ್ಲೆಕ್ಟರ್ ಇದ್ದರೂ ಜೋತುಬಿದ್ದ ಕಬ್ಬಿನ ಸುಳಿಯಲ್ಲಿ ಮುಚ್ಚಿಹೋಗಿರುತ್ತದೆ. ಗಂಟೆಗೆ 120 ಕಿಲೋಮೀಟರ್ ವೇಗದ ಕಾರು ಒಂದು ಸೆಕೆಂಡಿಗೆ 33 ಮೀಟರ್ ಓಡುತ್ತದೆ. ಟ್ರೇಲರ್ ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಆ ಸೆಕೆಂಡು ಕಳೆದಿರುತ್ತದೆ. ಗುದ್ದಿದರೆ ಹೋಗುವುದು ಶೋಕಿ ಮಾಡಿದವರ ಜೀವವಷ್ಟೇ ಅಲ್ಲ, ಟ್ರೇಲರಿನ ಮೇಲೆ ಮಲಗಿರುವ ಕಬ್ಬು ಕಡಿಯುವವರದ್ದೂ ಹೌದು.

ಹಾಗೆಂದು ಬರೀ ದಂಡ ಹಾಕಿ ಕೈಕಟ್ಟಿ ಕೂರುವುದು ಉತ್ತರವಲ್ಲ. ಎತ್ತಿನಗಾಡಿ ಓಟವನ್ನೇ ನೋಡಿ. ಅದರ ಮೇಲೆ ನಿಷೇಧವೇ ಬಿದ್ದಿತ್ತು. 2017ರಲ್ಲಿ ಕರ್ನಾಟಕ ಕಾನೂನು ತಿದ್ದಿ ಕಂಬಳಕ್ಕೂ ಎತ್ತಿನಗಾಡಿ ಓಟಕ್ಕೂ ಷರತ್ತಿನ ಮೇಲೆ ಅವಕಾಶ ಕೊಟ್ಟಿತು, 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಎತ್ತಿಗೆ ಸಿಕ್ಕ ನ್ಯಾಯ ಎಂಜಿನ್ನಿಗೂ ಸಿಗಬಹುದು. ಸಾರ್ವಜನಿಕ ಸ್ಥಳದ ವೇಗದ ಪಂದ್ಯವನ್ನು ಅಪರಾಧವೆನ್ನುವ ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಲ್ಲಿಯೇ ‘ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ’ ಎಂಬ ಷರತ್ತಿದೆ. ಅಂದರೆ ಒಪ್ಪಿಗೆ ಕೊಡುವ ಅಧಿಕಾರ ಬೆಂಗಳೂರಿನ ಕೈಯಲ್ಲಿದೆ.

ದೇಶದ ಡ್ರ್ಯಾಗ್ ಓಟಗಳಲ್ಲಿ ಹೆಸರಾದವು ವಿಮಾನಪಟ್ಟಿಗಳ ಮೇಲೆಯೇ ನಡೆದಿವೆ. ಬೆಂಗಳೂರಿನ ಜಕ್ಕೂರು, ಲೋಣಾವಳಾ ಸಮೀಪದ ಆಂಬಿ ವ್ಯಾಲಿ. ಓಟದ ದೂರ ಕಾಲು ಮೈಲಿ, ಅಂದರೆ 402 ಮೀಟರ್. ಅಷ್ಟು ಉದ್ದ ಓಡಿ, ಅದರಾಚೆ ಸುರಕ್ಷಿತವಾಗಿ ನಿಲ್ಲುವಷ್ಟು ನೇರ ಡಾಂಬರು ಸಿಕ್ಕರೆ ಸಾಕು. ಗೋ-ಕಾರ್ಟ್ ಓಡಿಸಬೇಕೆಂದರೆ ಇಲ್ಲಿನವರಿಗೆ ಕೊಲ್ಹಾಪುರದ ಮೋಹಿತೆ ರೇಸಿಂಗ್ ಅಕಾಡೆಮಿಯ ಟ್ರ್ಯಾಕ್ ಹತ್ತಿರವಿದೆ, ಆದರೆ ನೇರ ಓಟಕ್ಕೆ ಉತ್ತರ ಕರ್ನಾಟಕದ ಹುಡುಗರು ನೂರಾರು ಕಿಲೋಮೀಟರ್ ಹೋಗಬೇಕು. ಹೋಗಲಾಗದವರಿಗೆ ಕಾಣುವುದು ಮನೆಮುಂದಿನ ಹೆದ್ದಾರಿ.

ಶೋಕಿಗೆ ಸರ್ಕಾರ ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂದು ಕೇಳುವವರಿದ್ದಾರೆ. ಆದರೆ ಇದು ಬರೀ ಶೋಕಿಯಲ್ಲ, ಕಲಿಕೆಯೂ ಹೌದು. ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯಲ್ಲಿಯೇ ಹಿರಾಶುಗರ್ ಎಂಜಿನಿಯರಿಂಗ್ ಕಾಲೇಜಿದೆ, ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. ಮಧ್ಯಪ್ರದೇಶದ ಪೀಥಂಪುರದ ಟ್ರ್ಯಾಕಿನಲ್ಲಿ ನಡೆಯುವ ಬಾಹಾ ಸ್ಪರ್ಧೆಗೆ ವಿದ್ಯಾರ್ಥಿಗಳು ತಾವೇ ಕಾರು ಕಟ್ಟಿಕೊಂಡು ಹೋಗುವ ಕಾಲವಿದು. ಒತ್ತಡ, ಉಷ್ಣ, ಲೋಹದ ಬಲ ಇವನ್ನು ಪುಸ್ತಕದಲ್ಲಿ ಓದುವ ಹುಡುಗ, ಹುಡುಗಿಯರು ಗ್ಯಾರೇಜಿನ ಮಿಸ್ತ್ರಿಗಳ ಜೊತೆ ಒಂದು ಕಾರಿನ ಸುತ್ತ ನಿಲ್ಲುವ ಅವಕಾಶ ಒಪ್ಪಿಗೆಯ ಓಟದಿಂದ ಸಿಗುತ್ತದೆ. ಇಬ್ಬರಿಗೂ ಕಲಿಯುವುದು ಬಹಳವಿದೆ.

ಸಾರಿಗೆ ಇಲಾಖೆ, ಜಿಲ್ಲಾಡಳಿತ ಮತ್ತು ಮೋಟಾರು ಕ್ರೀಡೆಯ ರಾಷ್ಟ್ರೀಯ ಒಕ್ಕೂಟ ಎಫ್‌ಎಂಎಸ್‌ಸಿಐ ಕೂಡಿ ವರ್ಷಕ್ಕೆ ಒಂದೆರಡು ದಿನ ಬೆಳಗಾವಿ ಜಿಲ್ಲೆಯಲ್ಲಿ ಮುಚ್ಚಿದ ಪಟ್ಟಿಯ ಮೇಲೆ ಓಟ ನಡೆಸಲಿ. ಕಬ್ಬಿನ ಹಂಗಾಮು ಮುಗಿದು ಬಿಸಿಲು ಬಲಿಯುವ ಮುಂಚಿನ ದಿನಗಳು ಅದಕ್ಕೆ ತಕ್ಕವು. ಬಾಟಲಿ ಕೂರಿಸಿದ ಕಾರು ಲಾರಿಯ ಮೇಲೆ ಬರಲಿ, ಲಾರಿಯ ಮೇಲೆಯೇ ಮರಳಲಿ. ಗೇಟಿನಲ್ಲಿ ತಪಾಸಣೆಗೆ ನಿಂತವರು ಬಾಟಲಿಯ ಕುತ್ತಿಗೆಯ ಮೇಲೆ ಒತ್ತಿದ ಟೆಸ್ಟಿನ ತಾರೀಖು ಓದಲಿ, ಡಿಕ್ಕಿಯ ಚಾಪೆ ಎತ್ತಿ ಬೋಲ್ಟು ಅಲುಗಾಡಿಸಲಿ, ಕೆಳಗೆ ಬಗ್ಗಿ ಹೊರಗಿನ ಪೈಪು ಹುಡುಕಲಿ. ಮೂರರಲ್ಲಿ ಒಂದಿಲ್ಲದಿದ್ದರೂ ಆ ಕಾರು ಆ ದಿನ ಓಡದಿರಲಿ.