ಮೂರು ಸೀಟು, ಒಬ್ಬಳು ಹುಡುಗಿ ಮತ್ತು ಹದಿನೇಳು ಕಾಲಮ್ಮಿನ ಎಕ್ಸೆಲ್ ಶೀಟು

ಇಲ್ಲಿ ಬರೆಯದೆ ತಿಂಗಳ ಮೇಲಾಯ್ತು. ವಿಷಯ ಇರಲಿಲ್ಲ ಅಂತಲ್ಲ, ಶುದ್ಧ ಸೋಮಾರಿತನ. ಆದರೆ ಈ ಏಪ್ರಿಲ್‌ನಲ್ಲಿ ಗೆಳೆಯನ ಮನೆಯಲ್ಲಿ ನಡೆದ ಒಂದು ಪಂಚಾಯ್ತಿ ತಲೇಲೇ ಕೂತುಬಿಟ್ಟಿದೆ. ಬರೆದು ಹಗುರಾಗೋಣ ಅಂತ.

ಗೆಳೆಯ ಶಿವಮೊಗ್ಗ ಕಡೆಯವನು. ಇಲ್ಲಿ ಬೇ ಏರಿಯಾಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾಯ್ತು. ಅವನ ದೊಡ್ಡ ಮಗಳಿಗೆ ಮೂರು ಕಡೆ ಸೀಟು ಸಿಕ್ಕಿದೆ: ಬರ್ಕ್ಲಿ, ಕಾರ್ನೆಲ್, ಶಿಕಾಗೋ. ಮೂರೂ ಅರ್ಜಿ ಹಾಕಿದವರಲ್ಲಿ ಬಹುಪಾಲು ಮಕ್ಕಳನ್ನು ವಾಪಸ್ ಕಳಿಸೋ ಜಾಗಗಳೇ. ಮೇ 1ರೊಳಗೆ ಒಂದಕ್ಕೆ ಹೂಂ ಅನ್ನಬೇಕು. "ಮಾರಾಯ, ಭಾನುವಾರ ಬಾ, ತಲೆ ಕೆಟ್ಟು ಹೋಗಿದೆ" ಅಂತ ಫೋನ್ ಮಾಡಿದ. ಸೀಟು ಸಿಗದೆ ತಲೆ ಕೆಟ್ಟವರನ್ನು ನೋಡಿದ್ದೆ. ಮೂರು ಸಿಕ್ಕಿ ತಲೆ ಕೆಟ್ಟವನನ್ನು ನೋಡೋಣ ಅಂತ ಹೋದೆ :)

ಹೋದರೆ ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪು, ಅದರಲ್ಲೊಂದು ಎಕ್ಸೆಲ್ ಶೀಟು. ಹದಿನೇಳು ಕಾಲಮ್ಮು! ರ‍್ಯಾಂಕಿಂಗ್, ಸಂಬಳ, ಹವಾಮಾನ, ವಿಮಾನ ನಿಲ್ದಾಣ ಎಷ್ಟು ದೂರ, ಊರಲ್ಲಿ ಇಂಡಿಯನ್ ಅಂಗಡಿ ಇದೆಯಾ... ಒಂದೊಂದಕ್ಕೂ ಇಷ್ಟಿಷ್ಟು ಅಂಕ. ಎಲ್ಲಕ್ಕಿಂತ ಹೆಚ್ಚು ಅಂಕ ಯುಎಸ್ ನ್ಯೂಸ್ ಪತ್ರಿಕೆಯ ರ‍್ಯಾಂಕಿಂಗಿಗೆ. ಮಗಳು ಸೋಫಾದ ಮೂಲೆಯಲ್ಲಿ ಅವಲಕ್ಕಿ ತಟ್ಟೆ ಹಿಡಿದು ಕೂತಿದ್ದಳು. ಇಡೀ ಶೀಟಿನಲ್ಲಿ ಅವಳ ಹೆಸರಿನದೊಂದು ಕಾಲಮ್ ಇರಲಿಲ್ಲ.

ನನಗೆ ನಮ್ಮ ಸಿಇಟಿ ಕೌನ್ಸೆಲಿಂಗ್ ನೆನಪಾಯ್ತು. 1996. ಬೆಂಗಳೂರಿನಲ್ಲಿ ರ‍್ಯಾಂಕ್ ಕೂಗಿದಾಗ ಅಪ್ಪನ ಜೊತೆ ಒಳಗೆ ಹೋಗಿ ನಿಂತಿದ್ದೆ. ಪರದೆ ಮೇಲೆ ಸೀಟುಗಳು ಒಂದೊಂದಾಗಿ ಕರಗ್ತಾ ಇರ್ತಿದ್ವು. ನಮ್ಮ ಪಾಲಿಗೆ ಸಿಕ್ಕಿದ್ದು ಕೆಲವೇ ನಿಮಿಷ. ನನಗೆ ಬೇಕಿದ್ದ ಎಲೆಕ್ಟ್ರಾನಿಕ್ಸ್ ಒಂದು ಸಾಧಾರಣ ಕಾಲೇಜಿನಲ್ಲಿ ಇತ್ತು. ದೊಡ್ಡ ಹೆಸರಿನ ಕಾಲೇಜಿನಲ್ಲಿ ಮೆಕ್ಯಾನಿಕಲ್ ಉಳಿದಿತ್ತು. ಕಾಲೇಜಿನ ಹೆಸರು ನೋಡಿ ಮೆಕ್ಯಾನಿಕಲ್ ತಗೊಂಡೆ. ಊರಲ್ಲಿ ಎರಡು ವಾರ ನೆಂಟರೆಲ್ಲ "ಓಹೋ" ಅಂದರು. ಆಮೇಲೆ ನಾಲ್ಕು ವರ್ಷ ವರ್ಕ್‌ಶಾಪಿನಲ್ಲಿ ಕಬ್ಬಿಣಕ್ಕೆ ಅರ ಉಜ್ಜಿದವನು ನಾನೊಬ್ಬನೇ, ಓಹೋ ಅಂದವರು ಯಾರೂ ಬರಲಿಲ್ಲ. ಕೊನೆಗೆ ಅನ್ನ ಹಾಕಿದ್ದು ಆರು ತಿಂಗಳ ಸಾಫ್ಟ್‌ವೇರ್ ಕೋರ್ಸು. ಕಾಲೇಜಿನದೇನೂ ತಪ್ಪಿಲ್ಲ. ನನ್ನನ್ನು ನಾನೇ ಕೇಳಿಕೊಳ್ಳದೆ ಇದ್ದದ್ದು ತಪ್ಪು.

ಅದಕ್ಕೇ ಗೆಳೆಯನಿಗೆ ಮೊದಲು ಹೇಳಿದ್ದು: ಆ ರ‍್ಯಾಂಕಿಂಗ್ ಕಾಲಮ್ ಅಳಿಸಿ ಹಾಕು. ಅವನಿಗೆ ಸಿಟ್ಟು ಬಂತು. ನಾನು ಕೊಲಂಬಿಯಾ ಕತೆ ಹೇಳಿದೆ. ಕೊಲಂಬಿಯಾ ವಿಶ್ವವಿದ್ಯಾಲಯ ಆ ಪಟ್ಟಿಯಲ್ಲಿ 2ನೇ ಜಾಗದಲ್ಲಿತ್ತು. 2022ರಲ್ಲಿ ಅಲ್ಲಿಯದೇ ಗಣಿತದ ಪ್ರೊಫೆಸರ್ ಮೈಕಲ್ ಥ್ಯಾಡಿಯಸ್, ನಮ್ಮ ವಿಶ್ವವಿದ್ಯಾಲಯ ಪತ್ರಿಕೆಗೆ ಕೊಟ್ಟ ಅಂಕಿ ಅಂಶಗಳು ಸರಿ ಇಲ್ಲ ಅಂತ ಲೆಕ್ಕ ಸಮೇತ ಬರೆದರು. ತರಗತಿಯಲ್ಲಿ ಎಷ್ಟು ಮಕ್ಕಳಿರ್ತಾರೆ ಅನ್ನೋ ಸರಳ ಸಂಖ್ಯೆ ಕೂಡ ತಾಳೆ ಆಗ್ತಿರಲಿಲ್ಲ. ವಿಶ್ವವಿದ್ಯಾಲಯ ಕೆಲವು ತಪ್ಪುಗಳನ್ನು ಒಪ್ಪಿಕೊಳ್ತು. ಅದೇ ಸೆಪ್ಟೆಂಬರ್‌ನಲ್ಲಿ ಪಟ್ಟಿ ಬಂದಾಗ ಕೊಲಂಬಿಯಾ 18ನೇ ಜಾಗದಲ್ಲಿತ್ತು. ಈಗ ಹೇಳಿ, ಒಂದೇ ವರ್ಷದಲ್ಲಿ ಅಲ್ಲಿಯ ಮೇಷ್ಟ್ರುಗಳು ಬದಲಾದರಾ? ಲೈಬ್ರರಿ ಸುಟ್ಟು ಹೋಯ್ತಾ? ಏನೂ ಇಲ್ಲ. ಬದಲಾದದ್ದು ಪಟ್ಟಿ ಮಾತ್ರ. ಹಾಗಿರುವಾಗ ಮೂರು ಜಾಗ ಮೇಲೆ, ಐದು ಜಾಗ ಕೆಳಗೆ ಅನ್ನೋದನ್ನ ಹಿಡಕೊಂಡು ಮಗಳ ನಾಲ್ಕು ವರ್ಷ ತೂಗೋದಾ?

ಆಮೇಲೆ ಬಂತು ನೋಡಿ ನಿಜವಾದ ವಿಷಯ. ದುಡ್ಡು.

ಕ್ಯಾಲಿಫೋರ್ನಿಯಾದಲ್ಲೇ ಇರೋರಿಗೆ ಬರ್ಕ್ಲಿಯಲ್ಲಿ ಶುಲ್ಕ ಕಡಿಮೆ. ಊಟ ವಸತಿ ಎಲ್ಲ ಸೇರಿಸಿದರೂ ಖಾಸಗಿ ವಿಶ್ವವಿದ್ಯಾಲಯದ ಸುಮಾರು ಅರ್ಧ ಖರ್ಚು. ಕಾರ್ನೆಲ್, ಶಿಕಾಗೋ ಎರಡೂ ವರ್ಷಕ್ಕೆ ತೊಂಬತ್ತು ಸಾವಿರ ಡಾಲರ್ ಆಸುಪಾಸು. ಇವನ ಸಂಬಳಕ್ಕೆ ನೆರವು ಸಿಗಲ್ಲ. ಕಾರ್ನೆಲ್ ಸೇರಿ ಐವಿ ಲೀಗಿನ ಎಂಟೂ ಕಡೆ ಪ್ರತಿಭೆ ನೋಡಿ ಸ್ಕಾಲರ್‌ಶಿಪ್ ಕೊಡೋ ಪದ್ಧತಿಯೇ ಇಲ್ಲ, ಮನೆಯ ಅಗತ್ಯ ನೋಡಿ ಕೊಡ್ತಾರೆ ಅಷ್ಟೆ. ಅಂದರೆ ನಾಲ್ಕು ವರ್ಷಕ್ಕೆ ವ್ಯತ್ಯಾಸ ಒಂದೂವರೆ ಲಕ್ಷ ಡಾಲರಿಗೂ ಮಿಕ್ಕಿ. ಗೆಳೆಯನಿಗೆ ಐವತ್ತೆರಡು. ಇನ್ನೊಬ್ಬ ಮಗ ಎಂಟನೇ ಕ್ಲಾಸು. ಆಫೀಸಿನಲ್ಲಿ ಲೇಆಫ್ ಸುದ್ದಿ ಓಡಾಡ್ತಾ ಇದೆ. "ಮನೆ ಮೇಲೆ ಇನ್ನೊಂದು ಸಾಲ ತೆಗೀತೀನಿ ಮಾರಾಯ, ಮಗಳ ಭವಿಷ್ಯ" ಅಂದ. ಆ ಮಾತಿಗೆ ಮಗಳು ತಟ್ಟೆ ಕೆಳಗಿಟ್ಟು ಒಳಗೆ ಎದ್ದು ಹೋದಳು.

ಈ 'ಭವಿಷ್ಯ' ಅನ್ನೋದರ ಬಗ್ಗೆ ಒಂದು ಹಳೇ ಅಧ್ಯಯನ ಇದೆ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಅನ್ನೋ ಅರ್ಥಶಾಸ್ತ್ರಜ್ಞರು 2002ರಲ್ಲಿ ಪ್ರಕಟಿಸಿದ್ದು. 1976ರಲ್ಲಿ ಕಾಲೇಜು ಸೇರಿದವರನ್ನು ತಗೊಂಡು ಅವರು ಒಂದು ಜಾಣ ಪ್ರಶ್ನೆ ಕೇಳಿದರು. ದೊಡ್ಡ ಕಾಲೇಜಿನವರು ಹೆಚ್ಚು ಸಂಪಾದಿಸ್ತಾರೆ, ನಿಜ. ಆದರೆ ಅದು ಕಾಲೇಜಿನ ಮಹಿಮೆಯೋ, ಅಲ್ಲಿಗೆ ಸೇರಿಸಿಕೊಳ್ಳೋ ಮಕ್ಕಳ ಮಹಿಮೆಯೋ? ಅದಕ್ಕೆ ಒಂದೇ ಥರದ ಕಾಲೇಜುಗಳಿಗೆ ಅರ್ಜಿ ಹಾಕಿ, ಒಂದೇ ಥರದ ಕಡೆ ಸೀಟು ಸಿಕ್ಕಿ, ಆಮೇಲೆ ಬೇರೆ ಬೇರೆ ಕಡೆ ಸೇರಿದವರನ್ನು ಹೋಲಿಸಿದರು. ಸಂಪಾದನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಈ ಮೂರೂ ಕಡೆ ಸೀಟು ಗಿಟ್ಟಿಸಿದ ಹುಡುಗಿ, ಎಲ್ಲಿಗೆ ಹೋದರೂ ಅದೇ ಹುಡುಗಿ.

ಪೂರ್ತಿ ಹೇಳದಿದ್ದರೆ ತಪ್ಪಾಗುತ್ತೆ. ಅದೇ ಅಧ್ಯಯನದಲ್ಲಿ ಬಡ ಮನೆಗಳಿಂದ ಬಂದ ಮಕ್ಕಳಿಗೆ ದೊಡ್ಡ ಕಾಲೇಜಿನಿಂದ ಲಾಭ ಆಗಿದೆ. 2023ರಲ್ಲಿ ರಾಜ್ ಚೆಟ್ಟಿ ಮತ್ತು ಸಂಗಡಿಗರು ಐವಿ ಮಟ್ಟದ ಹನ್ನೆರಡು ಖಾಸಗಿ ವಿಶ್ವವಿದ್ಯಾಲಯಗಳನ್ನು ಒಳ್ಳೆಯ ಸರಕಾರಿ ವಿಶ್ವವಿದ್ಯಾಲಯಗಳ ಜೊತೆ ಹೋಲಿಸಿದರು. ಸರಾಸರಿ ಆದಾಯದಲ್ಲಿ ವ್ಯತ್ಯಾಸ ಸಣ್ಣದು. ಆದರೆ ತುತ್ತತುದಿಯ ಶೇಕಡಾ 1ರ ಆದಾಯ ವರ್ಗ ಮುಟ್ಟೋ ಸಾಧ್ಯತೆ, ದೊಡ್ಡ ಹೆಸರಿನ ಕಡೆ ಮುಂದೆ ಓದೋ ಸಾಧ್ಯತೆ ಚೆನ್ನಾಗಿಯೇ ಹೆಚ್ಚುತ್ತೆ. ಹಾಗಾಗಿ ಹೆಸರಿಗೆ ಬೆಲೆಯೇ ಇಲ್ಲ ಅಂತ ನಾನು ಹೇಳಲ್ಲ. ಮಂಡ್ಯದ ಒಬ್ಬ ರೈತನ ಮಗಳಿಗೆ ಹಾರ್ವರ್ಡೋ ಪ್ರಿನ್ಸ್‌ಟನ್ನೋ ಪೂರ್ತಿ ಖರ್ಚು ಕೊಟ್ಟು ಕರೆದರೆ (ಇವೆರಡೂ, ಎಂಐಟಿಯೂ ಹೊರದೇಶದ ಮಕ್ಕಳಿಗೂ ದುಡ್ಡಿನ ಸ್ಥಿತಿ ನೋಡದೆ ಸೀಟು ಕೊಟ್ಟು, ಕಮ್ಮಿ ಬೀಳೋದನ್ನ ತುಂಬಿಸ್ತವೆ) ಕಣ್ಣು ಮುಚ್ಚಿ ಹೋಗಮ್ಮ ಅಂತೀನಿ. ಆದರೆ ಅಪ್ಪ ಅಮ್ಮ ಇಬ್ಬರೂ ಇಂಜಿನಿಯರ್ ಆಗಿರೋ ಮನೆ, ಪಕ್ಕದಲ್ಲೇ ಬರ್ಕ್ಲಿ. ಅಂಥವರು ಹೆಸರಿಗೋಸ್ಕರ ಮನೆ ಅಡ ಇಡೋದು ಭವಿಷ್ಯ ಕಟ್ಟೋದಲ್ಲ, ಓಹೋ ಅನ್ನೋರಿಗೆ ಸಂಭಾವನೆ ಕೊಡೋದು.

ಇನ್ನೊಂದು ತಪ್ಪು ಒಪ್ಕೋತೀನಿ. ಅಷ್ಟೊತ್ತು ಭಾಷಣ ಬಿಗಿದ ನಾನೇ ಮೆಲ್ಲಗೆ ಶಿಕಾಗೋ ಕಡೆ ವಾಲಿದ್ದೆ! ಯಾಕೆ ಹೇಳಿ? ಎ.ಕೆ. ರಾಮಾನುಜನ್ ಪಾಠ ಮಾಡಿದ ಜಾಗ. ಮೈಸೂರಿನಲ್ಲಿ ಹುಟ್ಟಿದವರು, 1993ರಲ್ಲಿ ತೀರಿಕೊಳ್ಳೋವರೆಗೂ ಅಲ್ಲೇ ಇದ್ದವರು. ಅದನ್ನು ಹೇಳಿ ಕಣ್ಣರಳಿಸಿ ಕೂತೆ. ಅಷ್ಟರಲ್ಲಿ ವಾಪಸ್ ಬಂದಿದ್ದ ಮಗಳು "ಅಂಕಲ್, ಅದು ನಿಮ್ಮ ಕಾರಣ ಅಲ್ವಾ? ನಂದಲ್ಲ" ಅಂದಳು. ಕಾಫಿ ಗಂಟಲಲ್ಲೇ ನಿಂತಿತು. ಅಪ್ಪನಿಗೆ ರ‍್ಯಾಂಕಿಂಗು, ನನಗೆ ರಾಮಾನುಜನ್. ಇಬ್ಬರೂ ನಮ್ಮ ಆಸೆಗೆ ಅವಳ ಸೀಟು ಹುಡುಕ್ತಾ ಇದ್ವಿ.

ಆಗ ಕೇಳಿದೆ, ನಿನ್ನ ಕಾರಣ ಏನಮ್ಮ ಅಂತ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಒಂದು ವರ್ಷ ಆದ್ಮೇಲೆ ಕಂಪ್ಯೂಟರ್ ಸೈನ್ಸ್ ಇಷ್ಟ ಆಗ್ಲಿಲ್ಲ ಅಂದ್ರೆ ಎಲ್ಲಿ ನಾನು ಸಿಕ್ಕಾಕ್ಕೊಳ್ಳಲ್ಲ?" ಅವಳಿಗೆ ಭಾಷಾವಿಜ್ಞಾನದ ಮೇಲೂ ಒಂದು ಕಣ್ಣಿದೆಯಂತೆ. ಅಜ್ಜಿ ಮಾತಾಡೋ ಕನ್ನಡಕ್ಕೂ ಅಪ್ಪ ಮಾತಾಡೋ ಕನ್ನಡಕ್ಕೂ ಯಾಕೆ ವ್ಯತ್ಯಾಸ ಅಂತ ಯೋಚನೆ ಮಾಡ್ತಾಳಂತೆ. ಅಪ್ಪನಿಗೆ ಇದು ಹೊಸ ಸುದ್ದಿ.

ಹದಿನೇಳು ಕಾಲಮ್ಮಿಗಿಂತ ಈ ಒಂದು ಪ್ರಶ್ನೆ ದೊಡ್ಡದು. ಯಾಕಂದ್ರೆ ಈ ವಿಶ್ವವಿದ್ಯಾಲಯಗಳು ನಿಜವಾಗಿ ಬೇರೆ ಬೇರೆ ಆಗೋದು ಇಲ್ಲೇ, ಒಳಗಿನ ಬಾಗಿಲುಗಳಲ್ಲಿ. ಎಂಐಟಿಯಲ್ಲಿ ಯಾವ ವಿಷಯ ಅಂತ ಹೇಳದೆಯೇ ಸೇರಿ, ಮೊದಲ ವರ್ಷದ ಕೊನೆಗೆ ಆರಿಸಿಕೊಳ್ಳಬಹುದು. ಬ್ರೌನ್‌ನಲ್ಲಿ 1969ರಿಂದ ಎಲ್ಲರೂ ಓದಲೇಬೇಕಾದ ಸಾಮಾನ್ಯ ಪಾಠಗಳ ಪಟ್ಟಿಯೇ ಇಲ್ಲ. ಶಿಕಾಗೋದಲ್ಲಿ ಉಲ್ಟಾ, ಎಲ್ಲರೂ ಓದಲೇಬೇಕಾದ ಪಾಠಗಳ ದೊಡ್ಡ ಗಂಟೇ ಇದೆ, ಆದರೆ ಮುಖ್ಯ ವಿಷಯ ಆಮೇಲೆ ಆರಿಸಬಹುದು. ಕಾರ್ನೆಲ್‌ನಲ್ಲಿ ಇಂಜಿನಿಯರಿಂಗ್ ಒಳಗೆ ಬ್ರಾಂಚು ಎರಡನೇ ವರ್ಷದಲ್ಲಿ. ಬರ್ಕ್ಲಿಯಲ್ಲಿ ಮಾತ್ರ ಕಂಪ್ಯೂಟರ್ ವಿಭಾಗದ ಬಾಗಿಲು ಮೊದಲೇ ಮುಚ್ಚಿರುತ್ತೆ. ಸೇರೋವಾಗಲೇ ಆ ಸೀಟು ಸಿಕ್ಕಿರದಿದ್ದರೆ ಆಮೇಲೆ ನುಸುಳೋದು ಬಹಳ ಕಷ್ಟ. ಕಾಲೇಜಿನ ಹೆಸರಿಗೆ ಹೇಗೂ ಸೇರು, ಬ್ರಾಂಚ್ ಆಮೇಲೆ ಬದಲಾಯಿಸಿಕೊಳ್ಳೋಣ ಅಂತ ಹೋಗಿ ಪೇಚಾಡಿದ ಮಕ್ಕಳು ನನ್ನ ಪರಿಚಯದಲ್ಲೇ ಇದ್ದಾರೆ. ಸಿಇಟಿ ಪರದೆ ಮುಂದೆ ನಾನು ಮಾಡಿದ ತಪ್ಪೇ, ಊರು ಬೇರೆ ಅಷ್ಟೆ.

ಬರ್ಕ್ಲಿ ಏನು ಸ್ವರ್ಗ ಅಲ್ಲ. ಮೊದಲ ಪ್ರೋಗ್ರಾಮಿಂಗ್ ತರಗತಿಗೆ ಸಾವಿರಕ್ಕೂ ಹೆಚ್ಚು ಮಕ್ಕಳು ಸೇರ್ತಾರೆ, ನಮ್ಮೂರ ಜಾತ್ರೆ ಥರ. ಬಾಡಿಗೆ ಕೋಣೆ ಸಿಗೋದೂ ಒಂದು ತಪಸ್ಸು. ಮೇಷ್ಟ್ರು ನಿನ್ನ ಹೆಸರು ಹಿಡಿದು ಕರೆಯಬೇಕು ಅಂದರೆ ನೀನೇ ಹೋಗಿ ಬಾಗಿಲು ತಟ್ಟಬೇಕು. ಇದನ್ನೂ ಅವಳಿಗೆ ಹೇಳಿದೆ. ಜೊತೆಗೆ, ಅಮೆರಿಕದ ಮೊದಲ ಭಾಷಾವಿಜ್ಞಾನ ವಿಭಾಗ 1901ರಲ್ಲಿ ಶುರುವಾದದ್ದು ಬರ್ಕ್ಲಿಯಲ್ಲೇ, ಕೊಡವ ಭಾಷೆ, ತೋಡ ಭಾಷೆ ಅಭ್ಯಾಸ ಮಾಡಿ, ಬರೋ ಜೊತೆ ದ್ರಾವಿಡ ಭಾಷೆಗಳ ನಿಷ್ಪತ್ತಿ ಕೋಶ ಮಾಡಿದ ಎಮೆನೋ ಅಲ್ಲೇ ಇದ್ದವರು ಅಂತಲೂ ಹೇಳಿದೆ. "ಇದೂ ನಿಮ್ಮ ಕಾರಣಾನೇ ಅಂಕಲ್" ಅಂತ ನಕ್ಕಳು. ಆದರೆ ಮೊಬೈಲಿನಲ್ಲಿ ಹುಡುಕಿದ್ದನ್ನ ನಾನು ನೋಡಿದೆ :)

ಎರಡು ಶನಿವಾರ ಅವಳೊಬ್ಬಳೇ ರೈಲು ಹತ್ತಿ ಬರ್ಕ್ಲಿಗೆ ಹೋಗಿ ಅಲ್ಲಿ ಓದ್ತಾ ಇರೋರ ಜೊತೆ ಮಾತಾಡಿ ಬಂದಳು. ಏಪ್ರಿಲ್ 28ಕ್ಕೆ ಗೆಳೆಯನ ಫೋನ್. "ಬರ್ಕ್ಲಿ ಅಂದ್ಬಿಟ್ಲು ಮಾರಾಯ." ಅವಳು ಕೊಟ್ಟ ಕಾರಣ ಇಷ್ಟು: ಅಲ್ಲಿ ಕಂಪ್ಯೂಟರಿನಿಂದ ಹೊರಗೆ ಬರೋದು ಸುಲಭ, ಒಳಗೆ ಹೋಗೋದು ಕಷ್ಟ, ನಾನೀಗ ಒಳಗಿದ್ದೀನಲ್ಲ. ಸಾಲದ ಮಾತು ಅವಳು ಎತ್ತಲೇ ಇಲ್ಲ. ಎತ್ತಬೇಕಾಗಿಯೂ ಇರಲಿಲ್ಲ. ಗೆಳೆಯನ ದನಿಯಲ್ಲಿ ಸ್ವಲ್ಪ ಬೇಜಾರಿತ್ತು. ಕಾರ್ನೆಲ್ ಟೀ ಶರ್ಟು ಆಗಲೇ ಆನ್‌ಲೈನ್ ಬುಟ್ಟಿಗೆ ಹಾಕಿಟ್ಟಿದ್ದನಂತೆ ಪಾಪ.

"ಉಳಿದೆರಡು ಸೀಟು ಮೇ 1ರ ತನಕ ಇಟ್ಕೊಂಡಿರೋಣ, ಮನಸ್ಸು ಬದಲಾದ್ರೆ?" ಅಂದ. ಇಲ್ಲಿ ಮಾತ್ರ ನಾನು ಜೋರು ಮಾಡಿದೆ. ಇವತ್ತೇ ಬಿಡು. ನೀವು ಹಿಡಕೊಂಡು ಕೂತಿರೋ ಒಂದೊಂದು ಸೀಟಿನ ಹಿಂದೆ ಕಾಯೋ ಪಟ್ಟಿಯಲ್ಲಿ ಯಾವುದೋ ಒಂದು ಮಗು ಉಗುರು ಕಚ್ಚಿಕೊಂಡು ಕೂತಿದೆ. ಪರದೆಯ ಮೇಲೆ ಸೀಟು ಕರಗೋದನ್ನ ನೋಡ್ತಾ ನಿಂತ ನಮಗೆ ಅದು ಗೊತ್ತಿರಬೇಡ್ವಾ? ಅವತ್ತು ರಾತ್ರಿಯೇ ಮಗಳು ಎರಡು ಕಡೆಗೂ ಬೇಡ ಅಂತ ತಿಳಿಸಿದಳು.

ನನ್ನ ಅಭಿಪ್ರಾಯ ಇಷ್ಟೇ. ಮೂರು ದೊಡ್ಡ ಕಡೆ ಸೀಟು ಸಿಗೋ ಹೊತ್ತಿಗೆ ಗೆಲ್ಲಬೇಕಾದ್ದನ್ನ ಮಗು ಗೆದ್ದಾಗಿದೆ. ಆಮೇಲೆ ನೋಡಬೇಕಾದ್ದು ಎರಡೇ: ಮನೆ ಮೇಲೆ ಎಷ್ಟು ಭಾರ ಬೀಳುತ್ತೆ, ಮನಸ್ಸು ಬದಲಾದರೆ ಯಾವ ಬಾಗಿಲು ತೆರೆದಿರುತ್ತೆ. ಉಳಿದ ಹದಿನೈದು ಕಾಲಮ್ಮು ನಮ್ಮ ಚಟ.

ನಿಮ್ಮಲ್ಲಿ ಬಹಳ ಜನ ಸಿಇಟಿ ಪರದೆ ಮುಂದೆ ನಿಂತವರೇ. ಕೆಲವರು ಈಗ ಮಕ್ಕಳಿಗೆ ಶೀಟು ಮಾಡ್ತಾ ಇರೋರು. ಅವತ್ತು ನೀವು ಹೆಸರು ಆರಿಸಿದಿರಾ, ಬ್ರಾಂಚು ಆರಿಸಿದಿರಾ? ನನ್ನ ಮಾತಿಗೆ ತಕರಾರಿದ್ದರೆ ಅದನ್ನೂ ಬರೀರಿ. ಕಾಫಿ ಇಟ್ಟುಕೊಂಡು ಕಾಯ್ತಿರ್ತೀನಿ.